ಗಂಟೆಯ ಹಗ್ಗ

ಕನ್ನಡದಲ್ಲಿ ‘ಗಂಟೆ’ ಎಂಬ ಒಂದೇ ಮಾತು ಎರಡು ವಸ್ತುಗಳಿಗೆ ಸಲ್ಲುತ್ತದೆ. ಗುಡಿಯ ತೊಲೆಯಿಂದ ತೂಗುವ ಕಂಚಿನ ವಾದ್ಯವೂ ಗಂಟೆ. ದಿನದ ಇಪ್ಪತ್ತನಾಲ್ಕು ಪಾಲುಗಳಲ್ಲಿ ಒಂದೂ ಗಂಟೆ. ಕಾಲವನ್ನು ಕಣ್ಣಿನಿಂದ ನೋಡುವ ಮೊದಲು ಮನುಷ್ಯನು ಅದನ್ನು ಕಿವಿಯಿಂದ ಕೇಳಿದನೆಂಬುದಕ್ಕೆ ಈ ಮಾತೇ ಸಾಕ್ಷಿ. ಓದುವವರಿಗೆ ತೊಡಕಾಗದಿರಲೆಂದು ಇಲ್ಲಿ ವಾದ್ಯವನ್ನು ಗಂಟೆಯೆಂದೂ ಕಾಲದ ಅಳತೆಯನ್ನು ತಾಸೆಂದೂ ಕರೆಯೋಣ.

ಮುಳಬಾಗಿಲು ತಾಲ್ಲೂಕಿನ ಬೈರಕೂರು ಗಡಿನಾಡಿನ ಊರು. ಆಚೆಗೆ ಆಂಧ್ರದ ನೆಲ; ಈಚೆಗೆ ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಹಳ್ಳಿಗಳು. ಇಂತಹ ಸೀಮೆಯಲ್ಲಿ ದಿನವು ಅನೇಕ ದನಿಗಳಿಂದ ಕೂಡಿರುತ್ತದೆ. ಕುರುಡುಮಲೆಯ ಗಣೇಶನ ಗುಡಿಗೆ ಹೋದವರು ಗಂಟೆ ಬಾರಿಸಿ ಕೈಮುಗಿಯುತ್ತಾರೆ. ಶನಿವಾರ ದಾಸಯ್ಯನು ಜಾಗಟೆ ಬಡಿದು ಶಂಖವೂದಿ ಮನೆಯ ಮುಂದೆ ನಿಲ್ಲುತ್ತಾನೆ. ಜಾತ್ರೆಯ ದಿನ ತಮಟೆಯ ಸದ್ದು ಹೊಲದಾಚೆಗೂ ಕೇಳುತ್ತದೆ. ಶಾಲೆಯ ಮುಂದೆ ತೂಗುಹಾಕಿದ ರೈಲುಕಂಬಿಯ ತುಂಡಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಮಕ್ಕಳು ಓಡಿಬರುತ್ತಾರೆ.

ಈ ದನಿಗಳನ್ನೆಲ್ಲ ನಾವು ಕೇಳುತ್ತೇವೆ. ಆದರೆ ದನಿ ಮಾಡುವವರನ್ನು ನೋಡುತ್ತೇವೆಯೆ? ಶಾಲೆಯ ಗಂಟೆ ಬಾರಿಸುವ ಜವಾನನ ಹೆಸರು ಎಷ್ಟು ವಿದ್ಯಾರ್ಥಿಗಳಿಗೆ ತಿಳಿದಿದೆ? ತಮಟೆ ಬಡಿಯುವವನನ್ನು ಊರಿನ ಹಿರಿಯರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡದ್ದು ಎಷ್ಟು ಸಲ? ದನಿ ಎಲ್ಲರಿಗೂ ಬೇಕು, ದನಿ ಮಾಡುವ ಕೆಲಸ ಮಾತ್ರ ಕೀಳು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದು ಸರಿಯೆ ಎಂಬುದನ್ನು ವಿಚಾರಮಾಡಲು ದೂರದ ನಾಡಿನ ಒಂದು ಚರಿತ್ರೆ ನಮಗೆ ನೆರವಾಗಬಲ್ಲದು. ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ತರುಣರು ಸಂಘ ಕಟ್ಟಿಕೊಂಡು ಗಂಟೆಯ ಹಗ್ಗ ಹಿಡಿದ ಚರಿತ್ರೆ ಅದು.

ಮೊದಲು ಆ ಕಲೆ ಎಂತಹದೆಂದು ತಿಳಿಯಬೇಕು. ನಮ್ಮ ಗುಡಿಗಳ ಗಂಟೆ ತೂಗಾಡುತ್ತ ನುಡಿಯುತ್ತದೆ. ನಾಲಗೆಗೆ ಕಟ್ಟಿದ ಸರಪಳಿಯನ್ನು ಎಳೆದರಾಯಿತು. ಇಂಗ್ಲೆಂಡಿನ ಚರ್ಚುಗಳ ಗೋಪುರಗಳಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಬೇರೊಂದು ಕ್ರಮ ಬೆಳೆಯಿತು. ಅಲ್ಲಿ ಪ್ರತಿಯೊಂದು ಗಂಟೆಯನ್ನೂ ದೊಡ್ಡ ಮರದ ಚಕ್ರಕ್ಕೆ ಜೋಡಿಸಿರುತ್ತಾರೆ. ಚಕ್ರದ ಅಂಚಿನಿಂದ ಒಂದು ಹಗ್ಗ ಕೆಳಗಿನ ಕೋಣೆಗೆ ಇಳಿದಿರುತ್ತದೆ. ನುಡಿಸುವ ಮುನ್ನ ಗಂಟೆಯನ್ನು ಬಾಯಿ ಮೇಲಾಗಿ ನಿಲ್ಲಿಸುತ್ತಾರೆ. ಹಗ್ಗವನ್ನು ಎಳೆದಾಗ ಅದು ಕೆಳಗುರುಳಿ, ಪೂರ್ತಿ ಒಂದು ಸುತ್ತು ತಿರುಗಿ, ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಆ ಸುತ್ತಿನಲ್ಲಿ ಒಂದೇ ಸಲ ನುಡಿಯುತ್ತದೆ. ಒಬ್ಬನಿಗೆ ಒಂದು ಗಂಟೆ, ಒಂದು ಹಗ್ಗ. ಆರು ಗಂಟೆಗಳಿದ್ದರೆ ಆರು ಮಂದಿ ವೃತ್ತಾಕಾರವಾಗಿ ನಿಂತು ಒಬ್ಬರ ಹಿಂದೆ ಒಬ್ಬರು ನುಡಿಸಬೇಕು.

ನೂರಾರು ಕಿಲೋಗ್ರಾಂ ತೂಗುವ ಕಂಚು ಹೀಗೆ ಸುತ್ತುವಾಗ ಅದನ್ನು ಮನಬಂದಂತೆ ತಡೆಯಲಾಗದು, ಓಡಿಸಲೂ ಆಗದು. ನುರಿತವನು ಅದನ್ನು ತುಸು ನಿಧಾನಗೊಳಿಸಬಲ್ಲ, ಇಲ್ಲವೆ ತುಸು ಮುಂದೂಡಬಲ್ಲ, ಅಷ್ಟೆ. ಆದ್ದರಿಂದ ಈ ಗಂಟೆಗಳಲ್ಲಿ ರಾಗವನ್ನು ನುಡಿಸುವುದು ಸಾಧ್ಯವಿಲ್ಲ. ಒಂದು ಗಂಟೆಯು ತನ್ನ ಪಕ್ಕದ ಗಂಟೆಯೊಡನೆ ಮಾತ್ರ ಸ್ಥಾನವನ್ನು ಬದಲಾಯಿಸಿಕೊಳ್ಳಬಲ್ಲದು. ಈ ಕಟ್ಟಿನಿಂದಲೇ ಒಂದು ಹೊಸ ಕಲೆ ಹುಟ್ಟಿತು. ಮೂರು ಗಂಟೆಗಳನ್ನು 1, 2, 3 ಎಂದು ಕರೆಯೋಣ. 123 ಎಂದು ಆರಂಭಿಸಿ, 213, 231, 321, 312, 132 ಎಂದು ಸಾಗಿ, ಕೊನೆಗೆ 123ಕ್ಕೆ ಬಂದು ನಿಲ್ಲಬಹುದು. ಯಾವ ಸಾಲೂ ಎರಡು ಸಲ ಬರಬಾರದು. ಯಾವ ಗಂಟೆಯೂ ಒಂದೇ ಬಾರಿಗೆ ಎರಡು ಸ್ಥಾನ ಜಿಗಿಯಬಾರದು. ಹೊರಟ ಕಡೆಗೇ ಮರಳಿ ಬರಬೇಕು. ಇವೇ ಆ ಕಲೆಯ ಮುಖ್ಯ ನಿಯಮಗಳು.

ನಮ್ಮ ಹಳ್ಳಿಗಳ ಜಡೆ ಕೋಲಾಟವನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು, ಒಬ್ಬರ ಒಳಗಿಂದ ಒಬ್ಬರು ನುಸುಳಿ, ಆಟಗಾರರು ಜಡೆಯನ್ನು ಹೆಣೆಯುತ್ತಾರೆ. ಬಳಿಕ ಅದೇ ಹೆಜ್ಜೆಗಳನ್ನು ತಿರುಗಿಸಿ ಹಾಕುತ್ತ ಜಡೆಯನ್ನು ಬಿಚ್ಚಿ ಮೊದಲಿನ ಸ್ಥಿತಿಗೆ ತರುತ್ತಾರೆ. ಒಬ್ಬನು ಹೆಜ್ಜೆ ತಪ್ಪಿದರೆ ಎಲ್ಲರ ಹಗ್ಗವೂ ಗಂಟಾಗುತ್ತದೆ. ಇಂಗ್ಲೆಂಡಿನ ಗಂಟೆಗಾರರು ದನಿಯಲ್ಲಿ ಹೆಣೆಯುವುದೂ ಇಂತಹುದೇ ಜಡೆ.

ಇದರೊಳಗೆ ಗಣಿತವೂ ಅಡಗಿದೆ. ಮೂರು ಗಂಟೆಗಳಿಗೆ 6 ಸಾಲು, ನಾಲ್ಕಕ್ಕೆ 24, ಐದಕ್ಕೆ 120, ಆರಕ್ಕೆ 720, ಏಳಕ್ಕೆ 5040, ಎಂಟಕ್ಕೆ 40,320. ಏಳು ಗಂಟೆಗಳ 5040 ಸಾಲುಗಳನ್ನು ಬಿಡುವಿಲ್ಲದೆ ನುಡಿಸಲು ಸುಮಾರು ಮೂರು ತಾಸು ಬೇಕು. 1963ರಲ್ಲಿ ಲಫ್‌ಬರೊ ಪಟ್ಟಣದ ಗಂಟೆ ಎರಕದ ಕಾರ್ಖಾನೆಯ ಗೋಪುರದಲ್ಲಿ ಎಂಟು ಮಂದಿ ಸೇರಿ 40,320 ಸಾಲುಗಳನ್ನೂ ನುಡಿಸಿದರು. ಅದಕ್ಕೆ ಹಿಡಿದ ಕಾಲ ಹೆಚ್ಚುಕಡಿಮೆ 18 ತಾಸು. ಮೊದಲು ಹಗ್ಗ ಹಿಡಿದ ಎಂಟು ಮಂದಿಯೇ ಕಡೆಯವರೆಗೂ ನಿಂತರು.

ಈ ಲೆಕ್ಕ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ‘ಅಂಕಪಾಶ’ ಎಂಬ ಪ್ರಕರಣವಿದೆ. ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಎಷ್ಟು ಬಗೆಯಲ್ಲಿ ಇರಿಸಬಹುದೆಂದು ಆತ ಅಲ್ಲಿ ಕೇಳುತ್ತಾನೆ. ಉತ್ತರ 36,28,800. ವಿಷ್ಣುವಿನ ನಾಲ್ಕು ಕೈಗಳಿಗಾದರೆ 24. ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದ ತನ್ನ ‘ಸಂಗೀತ ರತ್ನಾಕರ’ದಲ್ಲಿ ಏಳು ಸ್ವರಗಳನ್ನು 5040 ಬಗೆಯಲ್ಲಿ ಜೋಡಿಸಬಹುದೆಂದು ಎಣಿಸಿದ್ದಾನೆ. ದೇವಗಿರಿಯ ಪಂಡಿತನು ಸ್ವರಗಳಿಂದ ಎಣಿಸಿದ ಸಂಖ್ಯೆಯನ್ನೇ ಇಂಗ್ಲೆಂಡಿನ ಜನ ಮುಂದೆ ಹಗ್ಗ ಜಗ್ಗಿ, ಬೆವರು ಸುರಿಸಿ ನುಡಿಸಿದರು. ಲೇಖನಿ ಕಂಡ ಸತ್ಯವನ್ನು ತೋಳೂ ಕಾಣಬಲ್ಲದು.

ಇನ್ನು ಸಂಘಗಳ ಚರಿತ್ರೆಗೆ ಬರೋಣ. ಲಂಡನ್ನಿನ ‘ಕಾಲೇಜ್ ಯೂತ್ಸ್’ ಎಂಬ ಗಂಟೆಗಾರರ ಕೂಟವು 1637ರಲ್ಲಿ ಹುಟ್ಟಿತೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಈ ಕಲೆಯನ್ನು ಕುರಿತ ಮೊದಲ ಪುಸ್ತಕ 1668ರಲ್ಲಿ ಪ್ರಕಟವಾಯಿತು. ಅದನ್ನು ಬರೆದವನು ರಿಚರ್ಡ್ ಡಕ್‌ವರ್ತ್, ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ವಿದ್ವಾಂಸ. ಪ್ರಕಟಿಸಿದವನು ಫೇಬಿಯನ್ ಸ್ಟೆಡ್‌ಮನ್, ಅಚ್ಚಿನ ಕಸಬು ಕಲಿತವನು. 1677ರಲ್ಲಿ ಸ್ಟೆಡ್‌ಮನ್ ತಾನೇ ಇನ್ನೊಂದು ಪುಸ್ತಕವನ್ನು ರಚಿಸಿದನು. ವಿದ್ವಾಂಸನೂ ಕಸಬುದಾರನೂ ಹೀಗೆ ಆರಂಭದಲ್ಲಿಯೇ ಕೈಜೋಡಿಸಿದ್ದುದನ್ನು ಗಮನಿಸಬೇಕು.

ಕಾಲ ಸರಿದಂತೆ ಆ ನಂಟು ಸಡಿಲವಾಯಿತು. ಗಂಟೆ ನುಡಿಸುವುದು ಕೂಲಿಯ ಕೆಲಸವೆನಿಸಿತು. ಗೋಪುರದ ಕೋಣೆಗಳಲ್ಲಿ ಮದ್ಯದ ಹೂಜಿಗಳು ಬಂದು ಕುಳಿತವು. ಗಂಟೆಗಾರರೆಂದರೆ ಒರಟರು, ಕುಡುಕರು ಎಂಬ ಮಾತು ಹಬ್ಬಿತು. ಮೇಲೆ ಗಂಟೆ ನುಡಿಸಿ, ಕೆಳಗೆ ಪ್ರಾರ್ಥನೆಗೆ ನಿಲ್ಲದೆ ಹೊರಟುಹೋಗುವವರೂ ಇದ್ದರು. ಇದಕ್ಕೆ ಪರಿಹಾರವೇನು? ಹತ್ತೊಂಬತ್ತನೆಯ ಶತಮಾನವು ಎರಡು ಪರಿಹಾರಗಳನ್ನು ಮುಂದಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಈ ಎರಡರ ನಡುವಣ ಅಂತರವೇ ಈ ಚರಿತ್ರೆಯ ತಿರುಳು.

ಮೊದಲನೆಯದು ಯಂತ್ರದ ಪರಿಹಾರ. ಬಿಟನ್ ಎಂಬ ಊರಿನ ಪಾದ್ರಿ ಎಲ್ಲಕೂಂಬ್ ಎಂಬವರು 1821ರಲ್ಲಿ ಒಂದು ಉಪಕರಣವನ್ನು ನಿರ್ಮಿಸಿದರು. ಎಲ್ಲ ಗಂಟೆಗಳಿಗೂ ಸುತ್ತಿಗೆಗಳನ್ನು ಜೋಡಿಸಿ, ಅವುಗಳ ಹಗ್ಗಗಳನ್ನು ಗೋಡೆಯ ಒಂದು ಚೌಕಟ್ಟಿಗೆ ತಂದು ಕಟ್ಟಿದರು. ಒಬ್ಬನೇ ಮನುಷ್ಯ ಅದರ ಮುಂದೆ ನಿಂತು ಗೋಪುರದ ಗಂಟೆಗಳನ್ನೆಲ್ಲ ನುಡಿಸಬಹುದಾಯಿತು. ಒರಟು ಗಂಟೆಗಾರರ ಹಂಗು ತಪ್ಪಿತು. ಸದ್ದೇನೋ ಬಂತು, ಆದರೆ ಹೊರಳುವ ಗಂಟೆಯ ತುಂಬುದನಿ ಬರಲಿಲ್ಲ. ವೃತ್ತಾಕಾರವಾಗಿ ನಿಲ್ಲುವ ಜನರೂ ಇಲ್ಲವಾದರು. ಮುಂದೆ ಎಷ್ಟೋ ಗೋಪುರಗಳಲ್ಲಿ ಆ ಚೌಕಟ್ಟು ಬಳಕೆ ತಪ್ಪಿ ಗೋಡೆಗೆ ಅಂಟಿಕೊಂಡು ಉಳಿಯಿತು.

ಎರಡನೆಯದು ಸಂಗದ ಪರಿಹಾರ. ಗಂಟೆಗಾರರು ಸರಿಯಿಲ್ಲವೆಂದು ದೂರುವ ಬದಲು ವಿದ್ಯಾವಂತರು ತಾವೇ ಗೋಪುರದ ಮೆಟ್ಟಿಲುಗಳನ್ನು ಹತ್ತಿದರು. 1872ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಗಂಟೆಗಾರರ ಸಂಘ ಸ್ಥಾಪನೆಯಾಯಿತು. ಏಳು ವರ್ಷಗಳ ಬಳಿಕ, 1879ರಲ್ಲಿ, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿಯೂ ಅಂತಹುದೇ ಸಂಘ ಹುಟ್ಟಿತು. ಆಗ ವಿಶ್ವವಿದ್ಯಾನಿಲಯಗಳೂ ತಮ್ಮ ಬಾಗಿಲುಗಳನ್ನು ಮೆಲ್ಲನೆ ತೆರೆಯುತ್ತಿದ್ದ ಕಾಲ. ಆಂಗ್ಲಿಕನ್ ಪಂಥಕ್ಕೆ ಸೇರದವರಿಗೂ ಅಲ್ಲಿನ ಪದವಿಗಳು ದೊರೆಯುವಂತೆ 1871ರ ಕಾಯಿದೆ ಅವಕಾಶ ಮಾಡಿಕೊಟ್ಟಿತ್ತು.

ಆಕ್ಸ್‌ಫರ್ಡ್ ಪಟ್ಟಣದ ಗಂಟೆಗಾರರಿಗೆ ವಿದ್ಯಾರ್ಥಿಗಳಿಗಿಂತ ಬಹಳ ಮೊದಲೇ, 1734ರಿಂದಲೇ, ತಮ್ಮದೊಂದು ಸಂಘವಿತ್ತು. ಲ್ಯಾಟಿನ್, ಗ್ರೀಕ್ ಬಲ್ಲ ತರುಣನಿಗೆ ಹಗ್ಗದ ಮುಂದೆ ಆ ಪಾಂಡಿತ್ಯ ಏನೂ ಪ್ರಯೋಜನವಾಗದು. ಯಾವ ಕ್ಷಣದಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಮೇಲೇರುವ ಹಗ್ಗವನ್ನು ಹೇಗೆ ಹಿಡಿಯಬೇಕೆಂಬುದನ್ನು ನುರಿತ ಕೈಗಳೇ ಅವನಿಗೆ ಕಲಿಸಬೇಕು. ಅಲ್ಲಿ ಗುರು ಬಡಗಿಯಿರಬಹುದು, ಶಿಷ್ಯ ಶ್ರೀಮಂತನ ಮಗನಿರಬಹುದು. ಹಗ್ಗವು ವಂಶವನ್ನು ಕೇಳುವುದಿಲ್ಲ. ಗಮನ ತಪ್ಪಿದವನ ಅಂಗೈಯನ್ನು ಸುಡುತ್ತದೆ. ವಿದ್ಯೆಗೆ ವಿನಯವೇ ಭೂಷಣವೆಂದು ನಾವು ಬಾಯಿಪಾಠ ಮಾಡುತ್ತೇವೆ. ಹಗ್ಗ ಹಿಡಿದವನಿಗೆ ಆ ಪಾಠ ಕೈಗೇ ಹತ್ತುತ್ತದೆ.

ಈ ಸಂಘಗಳು ಕಂಡ ಕಾಲ ಸುಗಮವಾಗಿರಲಿಲ್ಲ. ಮೊದಮೊದಲು ಅದು ಗಂಡಸರ ಲೋಕವಾಗಿತ್ತು. ಹೆಂಗಸರು ಗಂಟೆಗಾರ್ತಿಯರ ಸಂಘವನ್ನು 1912ರಲ್ಲಿ ಕಟ್ಟಿಕೊಂಡರು. ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಟ್ಟದ್ದು 1920ರಲ್ಲಿ. ಕೇಂಬ್ರಿಡ್ಜ್ ಅವರಿಗೆ ಪೂರ್ಣ ಪದವಿ ಕೊಡಲು 1948ರವರೆಗೆ ಕಾಯಿತು. ಇಂದು ಅದೇ ವೃತ್ತದಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲದೆ ನಿಲ್ಲುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಇನ್ನೊಂದು ಪರೀಕ್ಷೆ ಬಂತು. ಶತ್ರುಗಳು ದಂಡೆತ್ತಿ ಬಂದರೆ ಮಾತ್ರ ಗಂಟೆ ನುಡಿಸಬೇಕೆಂದು 1940ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಆಜ್ಞೆಮಾಡಿತು. ಗೋಪುರಗಳು ಮೂಕವಾದವು. 1942ರ ನವೆಂಬರ್‌ನಲ್ಲಿ ಎಲ್ ಅಲಮೇನ್ ಕದನದ ಗೆಲುವಿಗಾಗಿ ಒಂದು ದಿನ ನುಡಿಸಿದರು. 1943ರಲ್ಲಿ ನಿಷೇಧ ತೊಲಗಿತು. ಆ ಮೌನದ ಕಾಲದಲ್ಲಿ ಗಂಟೆಗಾರರು ಸುಮ್ಮನೆ ಕೂರಲಿಲ್ಲ. ಎರಡು ಕೈಗಳಲ್ಲಿ ಎರಡು ಪುಟ್ಟ ಕೈಗಂಟೆಗಳನ್ನು ಹಿಡಿದು, ಮನೆಗಳೊಳಗೆ ಕುಳಿತು ಸಾಲುಗಳನ್ನು ಅಭ್ಯಾಸ ಮಾಡಿದರು. ಗೋಪುರವಿಲ್ಲದಿದ್ದರೂ ಕೂಟವಿದ್ದರೆ ಕಲೆ ಬದುಕುತ್ತದೆ.

ಆಕ್ಸ್‌ಫರ್ಡಿನ ಸಂಘಕ್ಕೆ 2022ರಲ್ಲಿ ನೂರೈವತ್ತು ವರ್ಷ ತುಂಬಿತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೂರು ನಾಲ್ಕು ವರ್ಷಗಳಲ್ಲಿ ಊರು ಬಿಟ್ಟು ಹೋಗುವವನು. ಇಂತಹ ಅಲೆಮಾರಿಗಳ ಸಂಘ ಇಷ್ಟು ಕಾಲ ಹೇಗೆ ಉಳಿಯಿತು? ಕಲಿತವನು ಹೊರಡುವ ಮುನ್ನ ಹೊಸಬನಿಗೆ ಕಲಿಸಲೇಬೇಕು ಎಂಬುದು ಅದರ ಜೀವಾಳ. ಹಾಗೆ ಕಲಿಸದಿದ್ದರೆ ಮರುವರ್ಷ ವೃತ್ತ ತುಂಬುವುದಿಲ್ಲ. ಅಲ್ಲಿ ಒಬ್ಬನೇ ಮೆರೆಯುವಂತಿಲ್ಲ. ಎಷ್ಟೇ ಚತುರನಾದರೂ ಒಬ್ಬನು ಒಂದೇ ಗಂಟೆಯನ್ನು ನುಡಿಸಬೇಕು. ಪಕ್ಕದವನ ಗಂಟೆಯನ್ನು ಕೇಳಿಯೇ ನುಡಿಸಬೇಕು. ಕೇಳುವ ಊರಿನವರಿಗೆ ನುಡಿಸುವವರ ಮುಖವೂ ಕಾಣುವುದಿಲ್ಲ.

ಗಂಟೆಗಳ ಇಂತಹ ತಂಡ ನಮ್ಮ ದೇಶಕ್ಕೂ ಬಂದಿದೆ. ಪುಣೆಯ ಹೋಲಿ ನೇಮ್ ಕೆಥೆಡ್ರಲ್ ಚರ್ಚಿನಲ್ಲಿ 1893ರಲ್ಲಿ ಎರಕ ಹೊಯ್ದ ಎಂಟು ಗಂಟೆಗಳಿವೆ. 1878ರಲ್ಲಿ ಮುಗಿದ ಮುಂಬಯಿ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರದಲ್ಲಿಯೂ ಗಂಟೆಗಳುಂಟು. ಆದರೆ ಅವು ಗಡಿಯಾರದ ಯಂತ್ರಕ್ಕೆ ಕಟ್ಟಿದ ಗಂಟೆಗಳು, ವಿದ್ಯಾರ್ಥಿಗಳು ಹಗ್ಗ ಹಿಡಿಯುವ ಗಂಟೆಗಳಲ್ಲ. ಅವರ ಕಲೆಯನ್ನು ಇಲ್ಲಿಗೆ ತಂದು ನಡೆಸಬೇಕೆಂಬುದು ನನ್ನ ವಾದವಲ್ಲ. ನಮ್ಮಲ್ಲಿರುವ ದನಿಗಳ ಮುಂದೆ ನಮ್ಮ ವಿದ್ಯಾವಂತರು ಹೇಗೆ ನಿಲ್ಲಬೇಕೆಂಬುದು ನನ್ನ ಪ್ರಶ್ನೆ.

ಇಲ್ಲಿಯೂ ಎರಡು ದಾರಿಗಳಿವೆ. ಮೊದಲನೆಯದನ್ನು ನಾವು ಆಗಲೇ ಹಿಡಿದಿದ್ದೇವೆ. ಎಷ್ಟೋ ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿಗೆ ಗುಂಡಿಯೊಂದನ್ನು ಒತ್ತಿದರೆ ಗಂಟೆ, ಜಾಗಟೆ, ನಗಾರಿಗಳೆಲ್ಲವೂ ವಿದ್ಯುತ್ತಿನಿಂದ ತಾವೇ ಬಡಿದುಕೊಳ್ಳುತ್ತವೆ. ಎಲ್ಲಕೂಂಬರ ಚೌಕಟ್ಟೇ ಇಲ್ಲಿ ಬೇರೆ ರೂಪದಲ್ಲಿ ಬಂದಿದೆ. ಜನ ಸಿಗುವುದಿಲ್ಲವೆಂಬ ಕಾರಣ ಸುಳ್ಳೇನಲ್ಲ. ಆದರೆ ಜನ ಏಕೆ ಸಿಗುವುದಿಲ್ಲ? ಆ ಕೆಲಸಕ್ಕೆ ನಾವು ಮನ್ನಣೆಯನ್ನು ಕೊಡಲಿಲ್ಲ, ಆದ್ದರಿಂದ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ಬಲವಾದ ಆಕ್ಷೇಪಣೆ. ಇಂಗ್ಲೆಂಡಿನ ಗಂಟೆಗಾರನನ್ನು ಹುಟ್ಟಿನ ಕಾರಣದಿಂದ ಹಗ್ಗಕ್ಕೆ ಕಟ್ಟಿಹಾಕಿರಲಿಲ್ಲ. ನಮ್ಮ ತಮಟೆಯ ಕಥೆ ಹಾಗಲ್ಲ. ಇಂತಹ ಜಾತಿಯಲ್ಲಿ ಹುಟ್ಟಿದವನೇ ಬಡಿಯಬೇಕು, ಕರೆದಾಗ ಬರಬೇಕು, ದೂರ ನಿಲ್ಲಬೇಕು ಎಂಬ ಕಟ್ಟಳೆ ಆ ವಾದ್ಯಕ್ಕೆ ಅಂಟಿಕೊಂಡಿತ್ತು. ಆದ್ದರಿಂದಲೇ ಅವಮಾನದ ಗುರುತೆಂದು ತಮಟೆಯನ್ನು ಕೆಳಗಿಟ್ಟವರಿದ್ದಾರೆ. ಅವರು ಮಾಡಿದ್ದು ನ್ಯಾಯ. ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಬಿಡುವ ಸ್ವಾತಂತ್ರ್ಯವಿದ್ದವನಿಗೆ ಮಾತ್ರ ಹಿಡಿಯುವುದು ಕಲೆಯಾಗುತ್ತದೆ. ಬಿಡಲಾಗದವನಿಗೆ ಅದು ಸಂಕೋಲೆ. ಯಾರನ್ನೂ ಪರಂಪರೆಯ ಹೆಸರಿನಲ್ಲಿ ಮತ್ತೆ ಆ ಸಂಕೋಲೆಗೆ ಕರೆಯುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ವಾದ್ಯವನ್ನೇ ಮರೆತುಬಿಡೋಣವೆ? ಅದೂ ಸಲ್ಲದು. ಕೀಳಾದದ್ದು ತಮಟೆಯಲ್ಲ, ಅದನ್ನು ಬಡಿದವನೂ ಅಲ್ಲ. ಅವನನ್ನು ದೂರ ನಿಲ್ಲಿಸಿದ ಕಣ್ಣು. ಬೆಂಕಿಯ ಕಾವಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ, ಎರಡು ಕಡ್ಡಿಗಳಿಂದ ಗತ್ತುಗಳನ್ನು ಬದಲಾಯಿಸುತ್ತ, ಕುಣಿಯುತ್ತ ಬಾರಿಸುವ ತಮಟೆಯಲ್ಲಿ ಎಂತಹ ಲೆಕ್ಕವಿದೆಯೆಂಬುದು ಕೇಳಿದವರಿಗೆ ಗೊತ್ತು. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2007ರವರೆಗೆ ಚಿಂತಾಮಣಿಯೂ ಕೋಲಾರ ಜಿಲ್ಲೆಯದೇ ಆಗಿತ್ತು. ದೇಶದ ರಾಷ್ಟ್ರಪತಿಗಳು ಗೌರವಿಸಿದ ಕಲೆಯನ್ನು ನಮ್ಮ ಊರಿನ ಬೀದಿ ಗೌರವಿಸದಿದ್ದರೆ ಕೊರತೆ ಬೀದಿಯದು.

ಪ್ರಶಸ್ತಿಯೊಂದೇ ಸಾಲದು, ವೃತ್ತ ಬೇಕು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕೋಲಾರವನ್ನು ಕೇಂದ್ರವಾಗಿಟ್ಟುಕೊಂಡು 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹುಟ್ಟಿತು. ಇಂತಹ ವಿದ್ಯಾಲಯಗಳ ಕಾಲೇಜುಗಳಲ್ಲೆಲ್ಲ ತಮಟೆಯ ಸಂಘ, ಕೋಲಾಟದ ಸಂಘ ಇರಲಿ. ಅಲ್ಲಿ ಬಲ್ಲವರು ಗುರುಗಳಾಗಲಿ; ಅವರಿಗೆ ತಕ್ಕ ಸಂಭಾವನೆಯೂ ಕುರ್ಚಿಯೂ ದೊರೆಯಲಿ. ಎಲ್ಲ ಜಾತಿಯ ಹುಡುಗರೂ ಹುಡುಗಿಯರೂ ಅವರ ಮುಂದೆ ನಿಂತು ಕಡ್ಡಿ ಹಿಡಿಯುವುದನ್ನು ಕಲಿಯಲಿ. ವಾರ್ಷಿಕೋತ್ಸವದ ದಿನ ಬಾಡಿಗೆಗೆ ಕರೆಸಿ, ಕುಣಿಸಿ, ಕಳುಹಿಸಿಬಿಡುವುದು ಸಂಘವಲ್ಲ. ವಾರವಾರವೂ ಕೂಡಿ ತಪ್ಪು ಮಾಡಿ, ತಿದ್ದಿಕೊಂಡು, ಮುಂದಿನವರಿಗೆ ಕಲಿಸಿ ಹೋಗುವುದು ಸಂಘ.

ವಿದ್ಯಾರ್ಥಿಗಳೇ, ನೀವು ಕಾಲೇಜಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ ಗಂಟೆ ಬಾರಿಸುವವರ ಹೆಸರನ್ನು ಇಂದೇ ಕೇಳಿ ತಿಳಿಯಿರಿ. ಹೆಸರಿನ ಮುಂದೆ ಅಣ್ಣ, ಅಕ್ಕ ಎಂಬ ಮಾತನ್ನು ಸೇರಿಸಿ ಕರೆಯಿರಿ. ಊರಿನಲ್ಲಿ ಕೋಲಾಟ ಬಲ್ಲ ಅಜ್ಜನಿದ್ದರೆ ಒಂದು ಸಂಜೆ ಅವರ ಬಳಿ ಕುಳಿತು ಎರಡು ಹೆಜ್ಜೆಗಳನ್ನು ಕಲಿಯಿರಿ. ಕೇಳುವ ಕಿವಿಯಷ್ಟೇ ಇದ್ದರೆ ನಾಡಿನ ದನಿಗಳು ಉಳಿಯುವುದಿಲ್ಲ. ಬಲ್ಲವರ ಪಕ್ಕದಲ್ಲಿ ಸರಿಸಮನಾಗಿ ನಿಂತು, ಅವರಿಂದ ಕಲಿತು, ನುಡಿಸುವ ಕೈಗಳೂ ಬೇಕು. ಅಂತಹ ಕೈಗಳು ಹೆಚ್ಚಾದಾಗ ‘ಇದು ಯಾರ ಕೆಲಸ?’ ಎಂಬ ಪ್ರಶ್ನೆಯೇ ನಮ್ಮ ನಡುವಿನಿಂದ ಮರೆಯಾಗುತ್ತದೆ.